ವಿಠ್ಠಲ ವಿಹಾರದ ಮೇಷ್ಟ್ರು

ಆಕಾಶವಾಣಿ ದಿಲ್ಲಿಯ ಕೂಸು ಅಂತ ತಿಳಿದವರು ನಮ್ಮೂರಲ್ಲೇ ಇದ್ದಾರೆ! ಅಲ್ಲ ಸ್ವಾಮಿ, ಆ ಹೆಸರಿನ ಬಾನುಲಿ ಹುಟ್ಟಿದ್ದು ಮೈಸೂರಿನ ಮೇಷ್ಟ್ರೊಬ್ಬರ ಮನೆಯಲ್ಲಿ.

ಲಂಡನ್ನಿನಲ್ಲಿ ಓದಿ ಬಂದು ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಸ್ವಂತ ಮನೆ ‘ವಿಠ್ಠಲ ವಿಹಾರ’ದಲ್ಲೇ ಪುಟ್ಟ ಟ್ರಾನ್ಸ್‌ಮೀಟರ್ ಹೂಡಿದರು. ಮೊದಲ ದಿನವೇ ಕುವೆಂಪು ಕವನ ಓದಿದರು. ಆಕಾಶವಾಣಿ ಎಂಬ ಹೆಸರು ಸೂಚಿಸಿದ್ದು ನಾ. ಕಸ್ತೂರಿ ಅಂತಾರೆ. ಯಾರಾದರೇನು, ಕೈಯಿಂದ ದುಡ್ಡು ಸುರಿದವರು ಮೇಷ್ಟ್ರೇ. ಆಮೇಲೆ ನಗರಸಭೆಯೂ ನೆರವಾಯಿತು. 1942ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. 1955ರಲ್ಲಿ ನಿಲಯವನ್ನೇ ಬೆಂಗಳೂರಿಗೆ ಎತ್ತಿಕೊಂಡು ಹೋದರು! ಅದೇ ದಶಕದಲ್ಲಿ ದೇಶದ ರೇಡಿಯೋ ಪೂರಾ ಆ ಹೆಸರನ್ನೇ ಇಟ್ಟುಕೊಂಡಿತು.

ಮೈಸೂರಿಗೆ ಮತ್ತೆ ನಿಲಯ ಬಂತು, ಯಾದವಗಿರಿಯಲ್ಲಿ, ಮೇಷ್ಟ್ರ ಮನೆಯ ಹತ್ತಿರವೇ. ಅದರ ಮುಂದೆ ದಿನಾ ಓಡಾಡುವವರಲ್ಲಿ ಅವರ ಹೆಸರು ಹೇಳುವವರು ಎಷ್ಟು ಮಂದಿ?