ನಿಸ್ತಂತುವಿನ ಲೆಕ್ಕ ತಿದ್ದಿದ ಮಾರ್ಕೋನಿ

ಬಂಟ್ವಾಳ ಪೇಟೆಯ ವ್ಯಾಪಾರಿಗಳು ತಂತಿ ಕಳುಹಿಸುವ ಮುನ್ನ ಒಂದೊಂದು ಶಬ್ದಕ್ಕೂ ಕಾಸು ಎಣಿಸಿ, ಬೇಡದುದನ್ನು ಹೊಡೆದುಹಾಕುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಗುಗ್ಲಿಯೆಲ್ಮೊ ಮಾರ್ಕೋನಿಯನ್ನು ನೆನೆದಾಗಲೆಲ್ಲ ನನಗೆ ಆ ಲೆಕ್ಕಾಚಾರವೇ ಕಣ್ಣಿಗೆ ಕಟ್ಟುತ್ತದೆ.

1874ರಲ್ಲಿ ಇಟಲಿಯ ಬೊಲೋನ್ಯದಲ್ಲಿ ಜನಿಸಿದ ಈತನು 1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ಸಂಕೇತವನ್ನು ಮುಟ್ಟಿಸಿದನು. 1909ರಲ್ಲಿ ನೊಬೆಲ್ ಪಾರಿತೋಷಕವನ್ನು ಬ್ರೌನನೊಡನೆ ಹಂಚಿಕೊಂಡನು. 1912ರಲ್ಲಿ ಬ್ರಿಟಿಷ್ ಸರಕಾರವು ಇಂಗ್ಲೆಂಡು, ಈಜಿಪ್ಟು, ಪುಣೆ, ಸಿಂಗಪುರ ಮೊದಲಾದೆಡೆ ಆರು ನಿಸ್ತಂತು ಕೇಂದ್ರಗಳ ಸರಪಣಿಯನ್ನು ಕಟ್ಟಲು ಆತನ ಕಂಪೆನಿಯನ್ನು ಆರಿಸಿತು. ಕೇಂದ್ರವೊಂದಕ್ಕೆ 60,000 ಪೌಂಡು. ಅದರ ಮೇಲೆ ಆದಾಯದಲ್ಲಿ ಶೇಕಡಾ 10ರ ಪಾಲು. ಮಂತ್ರಿಗಳು ಅದರ ಅಮೆರಿಕದ ಸೋದರ ಕಂಪೆನಿಯ ಷೇರು ಕೊಂಡ ಸುದ್ದಿಯಿಂದ ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದಿತು. 1914ರ ಯುದ್ಧದೊಡನೆ ಯೋಜನೆ ನಿಂತುಹೋಯಿತು.

ಯುದ್ಧಾನಂತರ ಮಾರ್ಕೋನಿಯೇ ತನ್ನ ಹಳೆಯ ಲೆಕ್ಕವನ್ನು ಅಳಿಸಿದನು. ಅಪಾರ ವಿದ್ಯುತ್ತನ್ನು ನುಂಗುವ ದೀರ್ಘ ತರಂಗಗಳನ್ನು ಬಿಟ್ಟು, ಹ್ರಸ್ವ ತರಂಗಗಳನ್ನು ಒಂದೇ ದಿಕ್ಕಿಗೆ ಹರಿಸಿದರೆ ಅಲ್ಪ ವೆಚ್ಚದಲ್ಲಿ ಕೆಲಸವಾಗುವುದೆಂದು ತೋರಿಸಿದನು. 1924ರಲ್ಲಿ ಸರಕಾರ ಒಪ್ಪಿತು. 1927ರಲ್ಲಿ ಭಾರತಕ್ಕೂ ಸೇವೆ ತೆರೆಯಿತು. ಅಗ್ಗದ ದರದೆದುರು ಕಡಲತಳದ ತಂತಿಯ ಕಂಪೆನಿಗಳು ತತ್ತರಿಸಿದವು.

ಮುಸೊಲಿನಿಯ ಪಕ್ಷವನ್ನು ಸೇರಿದ್ದು ಆ ಬಾಳಿನ ಕಲೆ. ಅದನ್ನು ನಾನು ಮರೆಮಾಚಲಾರೆ. 1937ರ ಜುಲೈ 20ರಂದು ಆತನು ರೋಮಿನಲ್ಲಿ ತೀರಿಕೊಂಡನು. ದೂರದ ಮಾತನ್ನು ಅಗ್ಗವಾಗಿಸಿದವನಿಗೆ ನಿಸ್ತಂತು ಕೇಂದ್ರಗಳು ಸಲ್ಲಿಸಿದ ಗೌರವ ಎರಡು ನಿಮಿಷಗಳ ಮೌನ.