ಹತ್ತೊಂಬತ್ತರ ಪೈಲಟ್, ಹದಿನಾಲ್ಕು ಸಾಲು

ಬಿಇ ಮೂರನೇ ವರ್ಷದಲ್ಲಿದ್ದೇನೆ. ಗೆಳೆಯರೆಲ್ಲ ಕ್ಯಾಂಪಸ್ ಪ್ಲೇಸ್‌ಮೆಂಟ್ ಗುಂಗಿನಲ್ಲಿದ್ದಾರೆ. ನಾನು ವಾಯುಪಡೆ ಸೇರುವ ಪರೀಕ್ಷೆಗೆ ಓದುತ್ತಿದ್ದೇನೆ. ಅಮ್ಮನಿಗೆ ಇದು ಸುತರಾಂ ಇಷ್ಟವಿಲ್ಲ. 2019ರ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ತಾಲೀಮಿನ ವೇಳೆ ಸೂರ್ಯಕಿರಣ ತಂಡದ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡಿದ್ದನ್ನು ಆಕೆ ಟಿವಿಯಲ್ಲಿ ನೋಡಿದ್ದಳು. ಯುದ್ಧವೇ ಇಲ್ಲದಾಗಲೂ ಹೀಗಾಗುತ್ತದಲ್ಲ ಎಂಬುದು ಅವಳ ಭಯ. ಆ ಭಯಕ್ಕೆ ಉತ್ತರ ಹುಡುಕುವಾಗ ಸಿಕ್ಕವನು ಜಾನ್ ಗಿಲೆಸ್ಪಿ ಮ್ಯಾಗೀ.

ಮ್ಯಾಗೀ ಹುಟ್ಟಿದ್ದು 1922ರಲ್ಲಿ, ಚೀನಾದ ಶಾಂಘೈನಲ್ಲಿ. ಅಪ್ಪ ಅಮೆರಿಕದವರು, ಅಮ್ಮ ಬ್ರಿಟನ್ನಿನವರು, ಇಬ್ಬರೂ ಮಿಷನರಿಗಳು. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಓದುವಾಗ ಕವಿತೆಗೆ ಬಹುಮಾನ ಪಡೆದ. 1939ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಯುದ್ಧ ಶುರುವಾಗಿ ಅಲ್ಲೇ ಉಳಿಯಬೇಕಾಯಿತು. ಯೇಲ್ ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್ ಸಿಕ್ಕರೂ ಸೇರಲಿಲ್ಲ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಹಾಗಾಗಿ 1940ರಲ್ಲಿ ಕೆನಡಾದ ವಾಯುಪಡೆ ಸೇರಿದ.

ಮರುವರ್ಷ ಬ್ರಿಟನ್ನಿನಲ್ಲಿ ಸ್ಪಿಟ್‌ಫೈರ್ ತರಬೇತಿ. ಸುಮಾರು 30,000 ಅಡಿ ಎತ್ತರದಲ್ಲಿ ಹಾರುವಾಗ ಹೊಳೆದ ಕವಿತೆಯನ್ನು ಕೆಳಗಿಳಿದ ಮೇಲೆ ಮುಗಿಸಿ, ಸೆಪ್ಟೆಂಬರಿನಲ್ಲಿ ಅಪ್ಪ-ಅಮ್ಮನಿಗೆ ಬರೆದ ಪತ್ರದ ಹಿಂಬದಿಯಲ್ಲಿ ಕಳುಹಿಸಿದ. ಹದಿನಾಲ್ಕೇ ಸಾಲು. ಹೆಸರು 'ಹೈ ಫ್ಲೈಟ್'.

1941ರ ಡಿಸೆಂಬರ್ 11. ಪರ್ಲ್ ಹಾರ್ಬರ್ ದಾಳಿಯಾಗಿ ನಾಲ್ಕೇ ದಿನ. ಲಿಂಕನ್‌ಶೈರ್‌ನಲ್ಲಿ ಅಭ್ಯಾಸ ಮುಗಿಸಿ, ಜೊತೆಗಾರರೊಂದಿಗೆ ಮೋಡದ ಸಂದಿಯಿಂದ ಇಳಿಯುತ್ತಿದ್ದ ಮ್ಯಾಗೀಯ ವಿಮಾನ ಸುಮಾರು 1,400 ಅಡಿ ಎತ್ತರದಲ್ಲಿ ಆಕ್ಸ್‌ಫರ್ಡ್ ಎಂಬ ತರಬೇತಿ ವಿಮಾನಕ್ಕೆ ಅಪ್ಪಳಿಸಿತು. ಆತ ಕಾಕ್‌ಪಿಟ್‌ನ ಮುಚ್ಚಳ ಸರಿಸಲು ಹೆಣಗಿ, ಎದ್ದು ಹೊರಗೆ ಹಾರಿದ್ದನ್ನು ರೈತರೊಬ್ಬರು ಕಂಡರು. ಪ್ಯಾರಾಚೂಟ್ ಬಿಚ್ಚಿಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ. ಆಗ ಅವನಿಗೆ ಹತ್ತೊಂಬತ್ತು, ನನಗಿಂತ ಒಂದು ವರ್ಷ ಚಿಕ್ಕವನು.

ಅವನ ಸಮಾಧಿ ಸ್ಕಾಪ್‌ವಿಕ್ ಎಂಬ ಹಳ್ಳಿಯಲ್ಲಿದೆ. ಕವಿತೆ ಮಾತ್ರ ಲೋಕವನ್ನೇ ಸುತ್ತಿತು. 1966ರಲ್ಲಿ ಮೈಕೆಲ್ ಕಾಲಿನ್ಸ್ ಅದರ ಪ್ರತಿಯನ್ನು ಜೆಮಿನಿ 10 ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಒಯ್ದರು.

ಕಳೆದ ಭಾನುವಾರ ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಡಿಕ್ಕಿಯ ಸಂಗತಿ ಮುಚ್ಚಿಡೋಣವೆಂದುಕೊಂಡಿದ್ದೆ, ಮನಸ್ಸು ಒಪ್ಪಲಿಲ್ಲ. ಅಮ್ಮ ಕವಿತೆಯ ಬಗ್ಗೆ ಏನೂ ಕೇಳಲಿಲ್ಲ. ಇನ್ನೊಂದು ವಿಮಾನದಲ್ಲಿದ್ದವನು ಯಾರು, ಬದುಕಿದನೇ ಎಂದಷ್ಟೇ ಕೇಳಿದಳು. ಅವನ ಹೆಸರು ಅರ್ನೆಸ್ಟ್ ಗ್ರಿಫಿನ್. ಅವನಿಗೂ ಹತ್ತೊಂಬತ್ತೇ. ಅವನೂ ಹಾರಲು ಕಲಿಯುತ್ತಿದ್ದ, ಅವನೂ ಉಳಿಯಲಿಲ್ಲ. ನಾನು ಅವನನ್ನು ಓದಿಯೂ ಮರೆತಿದ್ದೆ.

ಪರೀಕ್ಷೆಗೆ ಓದುವುದನ್ನು ನಾನು ಬಿಟ್ಟಿಲ್ಲ. ಅಮ್ಮ ಇನ್ನೂ ಹೂಂ ಅಂದಿಲ್ಲ. ಆದರೆ ಆಕೆಯ ಭಯವನ್ನು ಈಗ ನಾನು ತಮಾಷೆ ಮಾಡುವುದಿಲ್ಲ.