ಗಾಳಿಯನ್ನು ತೂಗಿದ ಕ್ಯಾವೆಂಡಿಶ್

ಗಾಳಿಗೆ ತೂಕ ಇದೆಯಾ ಅಂತ ಕೇಳಿದರೆ ಬಹಳ ಜನ ನಗುತ್ತಾರೆ. ಆದರೆ ಹಾಳುಬಾವಿಗೆ ಇಳಿದು ಉಸಿರುಕಟ್ಟಿ ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಅದಕ್ಕೇ ಈ ಸಲ ನಾನು ಹೆನ್ರಿ ಕ್ಯಾವೆಂಡಿಶ್ ಅವರ ಬಗ್ಗೆ ಬರೆಯುತ್ತಿದ್ದೇನೆ.

ಇವರು ಹುಟ್ಟಿದ್ದು 1731ರ ಅಕ್ಟೋಬರ್ 10ರಂದು, ನೀಸ್ ಎಂಬ ಊರಿನಲ್ಲಿ. ಇಂಗ್ಲೆಂಡಿನ ಭಾರೀ ಶ್ರೀಮಂತ ಮನೆತನ. ತಾಯಿ ಬೇಗ ತೀರಿಕೊಂಡರು. ಕೇಂಬ್ರಿಜ್‌ನಲ್ಲಿ ಓದಿದರೂ ಪದವಿ ತೆಗೆದುಕೊಳ್ಳದೆ ಬಂದುಬಿಟ್ಟರು. ಮಹಾ ಸಂಕೋಚದ ಮನುಷ್ಯ. ಊಟಕ್ಕೆ ಏನು ಬೇಕೆಂದು ಕೆಲಸದವಳಿಗೆ ಬಾಯಿಬಿಟ್ಟು ಹೇಳದೆ ಚೀಟಿ ಬರೆದಿಡುತ್ತಿದ್ದರಂತೆ! ಅದಿರಲಿ.

1766ರಲ್ಲಿ ಅವರು ಗಾಳಿಗಳ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದರು. ಬಾಟಲಿಯಲ್ಲಿ ಆಮ್ಲ, ಜೊತೆಗೆ ಸತುವಿನ ಚೂರು. ಎರಡನ್ನೂ ಮೊದಲೇ ತೂಗಿಟ್ಟುಕೊಂಡರು. ಆಮ್ಲಕ್ಕೆ ಸತು ಹಾಕಿದಾಗ ಗುಳ್ಳೆಗುಳ್ಳೆಯಾಗಿ ಗಾಳಿ ಹೊರಟುಹೋಯಿತು. ಮತ್ತೆ ತೂಗಿದರು. ಕಡಿಮೆಯಾದ ತೂಕವೇ ಓಡಿಹೋದ ಗಾಳಿಯ ತೂಕ! ಗಾಳಿಯ ಜೊತೆ ನೀರಿನ ಪಸೆಯೂ ಹೋದರೆ ಲೆಕ್ಕ ಕೆಡುತ್ತದಲ್ಲ, ಅದಕ್ಕೆ ಪಸೆ ಹೀರುವ ಒಣ ಕ್ಷಾರದ ಪುಡಿ ತುಂಬಿದ ಕೊಳವೆಯ ಮೂಲಕ ಅದನ್ನು ಹೊರಬಿಟ್ಟರು. ನನಗೆ ಬಹಳ ಹಿಡಿಸಿದ್ದು ಇದೇ ಜಾಣತನ. ಅಷ್ಟೇ ಸತುವಿನಿಂದ ಎಷ್ಟು ಗಾತ್ರದ ಗಾಳಿ ಬರುತ್ತದೆಂದು ಬೇರೆಯಾಗಿ ಅಳೆದಿದ್ದರು. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ನಮ್ಮ ಪಾಠದಲ್ಲಿ ಇರುವುದೇ.

ಆ ಗಾಳಿ ಜಲಜನಕ. ಮಾಮೂಲಿ ಗಾಳಿಗಿಂತ 11 ಪಟ್ಟು ಹಗುರ ಅಂತ ಅವರಿಗೆ ಸಿಕ್ಕಿತು. ಈಗಿನ ಲೆಕ್ಕದಲ್ಲಿ 14 ಪಟ್ಟು. ಇಂಗಾಲದ ಡೈಆಕ್ಸೈಡನ್ನೂ ತೂಗಿದರು. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದನ್ನು ಬೆರೆಸಿದ ಗಾಳಿಯಲ್ಲಿ ಮೇಣದಬತ್ತಿ ಉರಿಸಿಯೂ ನೋಡಿದರು.

ಬಾವಿಯ ತಳದಲ್ಲಿ ಎಲೆ, ಕಸ ಕೊಳೆತು ಹುಟ್ಟುವ ಈ ಗಾಳಿ ಭಾರವಾದ್ದರಿಂದ ಸುಲಭವಾಗಿ ಮೇಲೆ ಬರದೆ ಅಲ್ಲೇ ಕೂರುತ್ತದೆ. ಇಳಿಬಿಟ್ಟ ದೀಪ ಆರಿದರೆ ಇಳಿಯಲೇಬಾರದು. ಉರಿದರೂ ನಂಬುವ ಹಾಗಿಲ್ಲ, ಬೇರೆ ವಿಷಗಾಳಿ ಇರಬಹುದು. ಬಿದ್ದವನನ್ನು ಎತ್ತಲು ಹಾಗೇ ಇನ್ನೊಬ್ಬ ಇಳಿದರೆ ಅವನ ಜೀವಕ್ಕೂ ಅಪಾಯ. ಅಡುಗೆ ಗ್ಯಾಸ್ ಕೂಡ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲದ ಮೇಲೆ ಹರಡುತ್ತದೆ. ಆಗ ಸ್ವಿಚ್ ಮುಟ್ಟದೆ, ಬೆಂಕಿ ಹಚ್ಚದೆ, ಕಿಟಕಿಯ ಜೊತೆ ಬಾಗಿಲನ್ನೂ ತೆರೆಯಬೇಕು. ಈಗ ಕಾರ್ಖಾನೆಗಳಿಗೆ ಬರುವ ರಾಸಾಯನಿಕಗಳ ಸುರಕ್ಷತಾ ಹಾಳೆಯಲ್ಲಿ ಸಾಂದ್ರತೆಗೇ ಒಂದು ಜಾಗ ಇರುತ್ತದೆ.

1798ರಲ್ಲಿ, 66ನೇ ವಯಸ್ಸಿನಲ್ಲಿ, ಕ್ಯಾವೆಂಡಿಶ್ ಇಡೀ ಭೂಮಿಯ ಸಾಂದ್ರತೆಯನ್ನೇ ಪ್ರಕಟಿಸಿದರು: ನೀರಿನ 5.48 ಪಟ್ಟು! 1810ರ ಫೆಬ್ರವರಿ 24ರಂದು ತೀರಿಕೊಂಡರು. ವಿದ್ಯುತ್ತಿನ ಬಗ್ಗೆ ಬರೆದಿಟ್ಟಿದ್ದ ಎಷ್ಟೋ ಪ್ರಯೋಗಗಳನ್ನು ಅವರು ಪ್ರಕಟಿಸಿಯೇ ಇರಲಿಲ್ಲ. 1879ರಲ್ಲಿ ಮ್ಯಾಕ್ಸ್‌ವೆಲ್ ಅವನ್ನು ಅಚ್ಚು ಹಾಕಿಸಿದರು.